ಹಲಗೆಯ ಮೇಲೆ ತೋಡಿದ ಬಾವಿ

ವರ್ಷದ ಯಾವ ದಿನವನ್ನಾದರೂ ಎತ್ತಿಕೊಳ್ಳಿ, ಆ ದಿನ ಎಲ್ಲೋ ಒಂದು ಹಡಗು ಮುಳುಗಿರುತ್ತದೆ, ಯಾವನೋ ಒಬ್ಬ ರಾಜ ಪಟ್ಟಕ್ಕೆ ಬಂದಿರುತ್ತಾನೆ, ಇನ್ನೊಬ್ಬ ಇಳಿದಿರುತ್ತಾನೆ. ನೂರಾರು ವರ್ಷ ದೂರದವರು, ಒಬ್ಬರ ಮುಖ ಒಬ್ಬರು ಕಾಣದವರು, ಒಂದೇ ತಾರೀಕಿನೊಳಗೆ ಮದುವೆಮನೆಯ ನೆಂಟರಂತೆ ಒತ್ತೊತ್ತಾಗಿ ಮಲಗಿರುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಇದರಲ್ಲಿ ಅರ್ಥವೇನೂ ಇಲ್ಲವೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಬಸವೇಶ್ವರನಗರದ ನಮ್ಮ ಪಾರ್ಕಿನ ಗೇಟಿನ ಬಳಿಯ ಕಪ್ಪು ಹಲಗೆಯ ಮೇಲೆ ದಿನಾ ಬೆಳಿಗ್ಗೆ 'ಇತಿಹಾಸದಲ್ಲಿ ಈ ದಿನ' ಎಂದು ಮೂರು ಸಾಲು ಬರೆಯುವ ಕೆಲಸ ಒಪ್ಪಿಕೊಂಡೆ. ನಿವೃತ್ತ ಮೇಷ್ಟರ ಕೈಗೆ ಯಾರಾದರೂ ಸೀಮೆಸುಣ್ಣ ಕೊಟ್ಟರೆ ಬೇಡವೆನ್ನುವಷ್ಟು ಗಟ್ಟಿ ಮನಸ್ಸು ಅವರಿಗಿರುವುದಿಲ್ಲ.

ವಿಷಯವೆಲ್ಲ ಫೋನಿನಿಂದ ಬರುತ್ತಿತ್ತು. ಒಂದು ಬೆಳಿಗ್ಗೆ ನೆಟ್ ಇರಲಿಲ್ಲ. ಎರಡು ಸಾಲು ಹೇಗೋ ನೆನಪಿನಿಂದ ತೆಗೆದೆ. ಮೂರನೆಯದು ಬರಲಿಲ್ಲ. ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು; ಹಿಂದೆ ವಾಕಿಂಗಿನವರ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ಬರೆದುಬಿಟ್ಟೆ: 'ಬಹಳ ವರ್ಷಗಳ ಹಿಂದೆ ಇದೇ ದಿನ, ಈ ಪಾರ್ಕಿನ ಜಾಗದಲ್ಲಿದ್ದ ಬಾವಿಯನ್ನು ಮುಚ್ಚಲಾಯಿತು.' ಶುದ್ಧ ಸುಳ್ಳು. ಆ ಬೆಳಿಗ್ಗೆ ಮಂಜು ಕವಿದಿತ್ತು ಎಂದು ಇಲ್ಲಿ ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಮಂಜಿನ ನೆನಪು ನನಗಿಲ್ಲ. ಮುಂದೆ ನಡೆದದ್ದಕ್ಕೆ ಒಪ್ಪಲೆಂದು ಕೈ ತಾನಾಗಿಯೇ ಮಂಜು ಸುರಿಸಿಕೊಂಡಿತು.

ಮೊದಲು ನಿಂತು ಓದಿದವರು ರುದ್ರಪ್ಪನವರು. ದಾವಣಗೆರೆ ಕಡೆಯವರು, ಅಧಿಕಾರಿಯಾಗಿದ್ದು ನಿವೃತ್ತರಾದವರು. ದಿನಾ "ಏನ್ರೀ ಮೇಷ್ಟ್ರೇ, ಇವತ್ತು ಯಾವ ಹಡಗು ಮುಳುಗಿಸಿದ್ರಿ?" ಎಂದು ಕೆಣಕುವವರು ಅಂದು ಕೆಣಕಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹೌದ್ರೀ, ಇತ್ತು. ಕಲ್ಲಿನ ಕಟ್ಟೆ ಇತ್ತು. ನಾನೇ ನೋಡೀನಿ" ಎಂದರು.

"ನೀವು ಈ ಕಡೆ ಬರೋ ಹೊತ್ತಿಗೆ ಪಾರ್ಕ್ ಆಗಿತ್ತಲ್ಲ ಸಾರ್?"

"ಆಗಿತ್ತು. ಆದ್ರೂ ನೋಡೀನಿ."

ನಕ್ಕೆ. ನಗಬಾರದಿತ್ತು. ಒಂದು ವಾರದೊಳಗೆ ಬಾವಿಗೆ ಮೂಲೆ ಗೊತ್ತಾಯಿತು. ಹೊಂಗೆ ಮರದ ಹತ್ತಿರ, ಹುಲ್ಲು ಹುಟ್ಟದ ಕಡೆ. ಅಲ್ಲಿ ಹುಡುಗರು ಶಟಲ್ ಆಡಿ ಆಡಿ ಹುಲ್ಲು ಸತ್ತಿದೆ ಎಂಬುದು ಎಲ್ಲರಿಗೂ ಮರೆತುಹೋಯಿತು. ಯಾರೋ ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿಟ್ಟರು. ಅದೇ ಮೂಲೆಯಲ್ಲಿ ಸೇರುತ್ತಿದ್ದ ನಗೆಕೂಟದವರು ಗೇಟಿನ ಕಡೆಗೆ ಜಾಗ ಬದಲಿಸಿದರು. ಯಾಕೆಂದು ಅವರ ಮುಂದಾಳನ್ನು ಕೇಳಿದೆ. ಸುತ್ತ ನೋಡಿ, ದನಿ ತಗ್ಗಿಸಿ, "ಅಲ್ಲಿ ನಾವು ನಗೋದು ನಿಲ್ಸಿದ ಮೇಲೂ ಕೆಳಗಡೆಯಿಂದ ಸ್ವಲ್ಪ ನಗು ಕೇಳ್ಸುತ್ತೆ ಸಾರ್" ಎಂದರು. ಹೊಟ್ಟೆ ಹಿಡಿದು ನಗುವುದನ್ನೇ ವ್ಯಾಯಾಮ ಮಾಡಿಕೊಂಡ ಮನುಷ್ಯ. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೂ ಇದನ್ನು ತಮಾಷೆ ಎಂದುಕೊಂಡು ಸುಮ್ಮನಿರುತ್ತಿದ್ದೆ. ಒಂದು ಬೆಳಿಗ್ಗೆ ಸರೋಜಮ್ಮ ನನ್ನ ಬೆಂಚಿಗೆ ಬಂದು ಕೂತರು. ಎಪ್ಪತ್ತು ದಾಟಿದವರು, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇರುವವರು. ನನ್ನ ಜೊತೆ ಅದುವರೆಗೆ ನಮಸ್ಕಾರ ಬಿಟ್ಟು ಮಾತಾಡಿದವರಲ್ಲ.

"ಮೇಷ್ಟ್ರೇ, ನಮ್ಮಪ್ಪ ಬಿನ್ನಿಪೇಟೆ ಮಿಲ್ಲಲ್ಲಿದ್ರು. ಸೋದರತ್ತೆ ಮನೆ ಈ ಕಡೆ ಎಲ್ಲೋ ಇತ್ತು, ಆಗೆಲ್ಲ ರಾಗಿ ಹೊಲ. ನಮ್ಮಕ್ಕ ಅಲ್ಲಿಗೆ ಹೋದವಳು ಕೊಡ ತಗೊಂಡು ನೀರಿಗೆ ಹೋದ್ಳಂತೆ. ಬರಲೇ ಇಲ್ಲ. ನನಗಾಗ ಮೂರು ವರ್ಷ. ಯಾವ ಬಾವಿ, ಯಾವ ದಿನ, ಅಮ್ಮ ಸಾಯೋವರೆಗೂ ಬಾಯಿ ಬಿಡ್ಲಿಲ್ಲ."

ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಸೇರಿಸಿದೆ.

"ದಿನ ಗೊತ್ತಿಲ್ದೋರಿಗೆಲ್ಲ ಪಿತೃಪಕ್ಷದ ಅಮಾವಾಸ್ಯೆ ತಾನೇ? ಪ್ರತಿ ವರ್ಷ ಅವತ್ತೇ ಅವಳಿಗೂ ಒಂದು ಎಡೆ ಇಡ್ತೀನಿ. ಅಷ್ಟು ದೊಡ್ಡೋರ ಗುಂಪಲ್ಲಿ ಆ ಮಗೂಗೆ ಏನು ಸಿಕ್ತೋ, ಏನು ಬಿಡ್ತೋ. ಈಗ ನೋಡಿ, ಅವಳಿಗೆ ಅಂತ್ಲೇ ಒಂದು ದಿನ ಸಿಕ್ತು. ಅವಳು ಬಿದ್ಮೇಲೇ ಮುಚ್ಚಿರ್ತಾರೆ, ಅಲ್ವಾ? ವರ್ಷ ಕಾಯೋಕೆ ನನ್ನ ಕೈಲಾಗಲ್ಲ. ಬರೋ ತಿಂಗಳು ಅದೇ ತಾರೀಕಿಗೆ ಅಲ್ಲೇ ಎಡೆ ಇಡ್ತೀನಿ. ನೀವೂ ಬರ್ಬೇಕು."

ತಪ್ಪೊಪ್ಪಿಕೊಳ್ಳಲು ನನಗೆ ಹೆಚ್ಚುಕಡಿಮೆ ಒಂದು ತಿಂಗಳಿತ್ತು. ಅಷ್ಟೂ ದಿನ ಹಡಗು ಮುಳುಗಿಸುತ್ತಾ ಕಳೆದೆ. ನಡುವೆ ಒಂದು ಸಲ, 'ಬಾವಿಯ ವಿಚಾರ ಆಧಾರವಿಲ್ಲದ್ದು' ಎಂದು ಹಲಗೆಯ ಮೇಲೆ ಸಣ್ಣಗೆ ಬರೆದೆ. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಯಾರೋ ಅಳಿಸಿದ್ದರು. "ಪಾರ್ಕ್ ಕಮಿಟಿಯವರು ನಿಮ್ಮ ಬಾಯಿ ಮುಚ್ಚಿಸ್ಯಾರೇನ್ರೀ?" ಎಂದು ರುದ್ರಪ್ಪನವರು ಕನಿಕರದಿಂದ ಕೇಳಿದರು. ಕೊನೆಗೆ ಆ ತಾರೀಕು ಬಂದೇಬಿಟ್ಟಿತು. ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ, ಕಾಫಿ ಲೋಟ ಕುಕ್ಕಿ, "ನೀವು ತೋಡಿದ ಬಾವಿ, ನೀವೇ ಹೋಗಿ ಮುಚ್ಚಿ ಬನ್ನಿ" ಎಂದಳು.

ನಾನು ಹೋದಾಗ ಸರೋಜಮ್ಮ ತಮ್ಮ ಅಡುಗೆಮನೆಯಲ್ಲಿ ಬಾಳೆಲೆ ಒರೆಸುತ್ತಿದ್ದರು. ಹೊಸಿಲಲ್ಲೇ ನಿಂತು ಹೇಳಿದೆ. "ಅಮ್ಮಾ, ಅದು ಸುಳ್ಳು. ಅಲ್ಲಿ ಬಾವಿ ಇರ್ಲಿಲ್ಲ. ಮೂರನೇ ಸಾಲು ತುಂಬಿಸೋಕೆ ಬರ್ದಿದ್ದು. ದೇವರಾಣೆ."

ಎಲೆಯ ಮೇಲೆ ಬಟ್ಟೆ ಆಡುತ್ತಲೇ ಇತ್ತು.

"ಮರ ಬಿತ್ತು ಅಂತ ಬರೀಬಹುದಿತ್ತು. ಕೆರೆ ಒಡೀತು ಅನ್ನಬಹುದಿತ್ತು. ನಿಮ್ಮ ಕೈಗೆ ಬಾವಿನೇ ಯಾಕೆ ಬಂತು ಮೇಷ್ಟ್ರೇ?"

ಅವರು ಡಬ್ಬಿಗೆ ಪಾಯಸ ತುಂಬಿ, ಮುಚ್ಚಳ ಒತ್ತಿ, ಹಿಡಿದುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡು ಹಿಂದೆ ಹೋದೆ.

ಪಾರ್ಕಿನಲ್ಲಿ ಒಳ್ಳೆಯ ಬಿಸಿಲಿತ್ತು. ಇದು ನನಗೆ ನಿಜವಾಗಿ ನೆನಪಿದೆ. ಹೊಂಗೆ ಮರದ ಕೆಳಗೆ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು, ಎಲೆ ಹಿಡಿದು ಬಗ್ಗಿ, ಇನ್ನೊಂದು ಹೆಜ್ಜೆ ಮುಂದಿಟ್ಟರು. ಬಾವಿಯೇ ಇರಲಿಲ್ಲವೆಂದು ಅರ್ಧ ಗಂಟೆಯ ಹಿಂದಷ್ಟೇ ದೇವರ ಮೇಲೆ ಆಣೆ ಮಾಡಿ ಬಂದಿದ್ದ ಇತಿಹಾಸದ ಮೇಷ್ಟರು, ಡಬ್ಬಿ ಕೆಳಕ್ಕೆ ಬಿಟ್ಟು, ತಟಕ್ಕನೆ ಅವರ ತೋಳು ಹಿಡಿದು ಹಿಂದಕ್ಕೆಳೆದರು.

"ಹುಷಾರಮ್ಮಾ, ಅಂಚು ಜಾರುತ್ತೆ."