ನಮ್ಮಣ್ಣ ಬೆಳೆದ ಮನೆಗಳು

ನಮ್ಮಣ್ಣನಷ್ಟು ಮನೆಗಳಿದ್ದ ಮನುಷ್ಯ ಇಡೀ ಗೋವಾದಲ್ಲಿ ಇನ್ನೊಬ್ಬ ಇರಲಿಲ್ಲ! ಸಾಂಕೋಲೆಯಲ್ಲಿ ಸಮುದ್ರ ಕಾಣುವ ಫ್ಲಾಟು, ವೆರ್ಣಾದಲ್ಲಿ ಬಂಗಲೆ, ಕುಡಚಡೆಯಲ್ಲಿ ಸ್ಟೇಶನ್ನಿನ ಹತ್ತಿರವೇ ಮೂರಂತಸ್ತು. ಯಾವುದರ ಬೀಗದ ಕೈಯೂ ಅವನ ಹತ್ತಿರ ಇರಲಿಲ್ಲ, ಅದು ಬೇರೆ ಮಾತು.

ಅಪ್ಪ, ಅವ್ವ ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕಟ್ಟುತ್ತಿರುವ ಕಟ್ಟಡದೊಳಗೇ ನಮ್ಮ ಸಂಸಾರ. ಕಿಟಕಿ ಕೂಡಿಸಿದರೆಂದರೆ ನಾವು ಗಂಟು ಕಟ್ಟಬೇಕು. ಬಣ್ಣ ಹೊಡೆದ ಗೋಡೆಯ ನಡುವೆ ನಾವು ಮಲಗಿದ್ದೇ ಇಲ್ಲ. ಇದರಲ್ಲಿ ಹೆಮ್ಮೆಪಡುವಂಥದ್ದೇನಿದೆ? ಅಣ್ಣನಿಗೂ ಏನೂ ಕಂಡಿರಲಿಲ್ಲ, ಆ ಪುಸ್ತಕ ಸಿಗುವವರೆಗೆ.

ಅಣ್ಣ ಬೀಚಿನಲ್ಲಿ ಮಣಿಸರ ಮಾರುತ್ತಿದ್ದ. ಒಬ್ಬ ಬಿಳಿ ಮುದುಕಿ ತನ್ನ ದೇಶಕ್ಕೆ ಹೊರಡುವಾಗ ಅವನಿಗೆ ಒಂದು ಚಿತ್ರದ ಪುಸ್ತಕ ಕೊಟ್ಟು, ಅದರಲ್ಲಿದ್ದದ್ದನ್ನು ವಿವರಿಸಿ ಹೋದಳು. ಅಮೆರಿಕದ ಯಾರೋ ದೊಡ್ಡ ಕಾದಂಬರಿಕಾರನ ಜೀವನ, ಅವನು ಬೆಳೆದ ಮನೆಗಳು. ಬಡತನದಲ್ಲಿ ಮನೆಯಿಂದ ಮನೆಗೆ ಅಲೆದವನಂತೆ. ಈಗ ಆ ಮನೆಗಳನ್ನು ಹಾಗೇ ಕಾದಿಟ್ಟಿದ್ದಾರಂತೆ. ಅವನ ತಾಯಿ ಅಡುಗೆ ಮಾಡಿದ ಒಲೆಯ ಮುಂದೆ ಹಗ್ಗ ಕಟ್ಟಿದ್ದಾರೆ, ಜನ ಟಿಕೀಟು ತೆಗೆದುಕೊಂಡು ನೋಡುತ್ತಾರೆ! ಅವನ ಒಂದು ಸಾಲನ್ನೂ ಅಣ್ಣ ಓದಲಿಲ್ಲ, ಓದಲು ಬರುತ್ತಲೂ ಇರಲಿಲ್ಲ. ಆ ಒಲೆಯ ಚಿತ್ರವನ್ನು ಮಾತ್ರ ನೋಡಿದ್ದೇ ನೋಡಿದ್ದು.

"ಅಂವಗ ನಾಕ ಮನಿ ಅಷ್ಟ," ಅಂದ ನನಗೆ. "ನಮ್ವು ಎಷ್ಟ ಅದಾವು ನೋಡು."

ವ್ಯಾಪಾರವಿಲ್ಲದ ದಿನ ಜೊತೆಗಾರರನ್ನು ಬಸ್ಸು ಹತ್ತಿಸಿ ತನ್ನ ಮನೆಗಳನ್ನು ತೋರಿಸಲು ಕರೆದೊಯ್ಯತೊಡಗಿದ. ಟಿಕೀಟು ಒಂದು ಚಹಾ. ಸ್ವಂತ ತಂಗಿಯಾದ ನನಗೂ ರಿಯಾಯಿತಿ ಇಲ್ಲ! ರಸ್ತೆಯಲ್ಲಿ ನಿಂತು, ಅಗೋ ಆ ಬಾಲ್ಕನಿಯಲ್ಲಿ ನನಗೆ ದಡಾರ ಎದ್ದಿತ್ತು, ಅಗೋ ಆ ಲಿಫ್ಟಿನ ಗುಂಡಿಯಲ್ಲಿ ನಮ್ಮ ಕೋಳಿ ಬಿದ್ದು ಸತ್ತಿತ್ತು ಎಂದು ವಿವರಿಸುತ್ತಿದ್ದ. ಒಬ್ಬ ವಾಚ್‌ಮನ್ ಕೋಲು ಹಿಡಿದು ಬಂದರೆ, ಅವನಿಗೂ ಟಿಕೀಟು ಕೇಳಿದನಂತೆ.

ಸಾಂಕೋಲೆಯ ಫ್ಲಾಟನ್ನು ಮಾತ್ರ ಹೊರಗಿನಿಂದ ತೋರಿಸಲು ಒಪ್ಪುತ್ತಿರಲಿಲ್ಲ. ಅವ್ವ ಜ್ವರದಿಂದ ಸತ್ತದ್ದು ಅಲ್ಲಿ. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳು ಮೂರು ಇಟ್ಟಿಗೆ ಇಟ್ಟು ರೊಟ್ಟಿ ಸುಡುತ್ತಿದ್ದ ಮೂಲೆಯನ್ನು ಒಂದು ಸಲ ಒಳಗೆ ಹೋಗಿ ನೋಡಬೇಕು, ಅದೊಂದೇ ಅವನ ಹಟ.

ಆ ಫ್ಲಾಟಿನಲ್ಲಿ ನಾನು ಕಸ ಮುಸುರೆ ಮಾಡುತ್ತಿದ್ದೆ. ಆ ಮೂಲೆಯಲ್ಲಿ ಎಷ್ಟು ಬಣ್ಣ ಹೊಡೆದರೂ ಪ್ರತಿ ಮಳೆಗಾಲ ಒಂದು ಕಪ್ಪು ಕಲೆ ಏಳುತ್ತಿತ್ತು. ನಾನು 'ಬಾಯಿ' ಎಂದು ಕರೆಯುವ ಮನೆಯೊಡತಿ ಬೈಯುತ್ತಿದ್ದರು, ನಾನು ಒರೆಸುತ್ತಿದ್ದೆ. ಅದು ಯಾವ ಹೊಗೆ ಎಂದು ನನಗೆ ಗೊತ್ತಿತ್ತು. ಕಲೆಯ ಸುದ್ದಿಯನ್ನೂ, ನಾನು ಅಲ್ಲೇ ಕೆಲಸ ಮಾಡುವುದನ್ನೂ ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಬಾಗಿಲಿಗೇ ಬಂದು ನಿಲ್ಲುತ್ತಾನೆ!

ಹೇಳದಿದ್ದರೂ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಂಟೆ ಒತ್ತಿದ. ನಾನು ಇಲ್ಲಿ ಬೆಳೆದವನು, ಒಂದು ಗಳಿಗೆ ನೋಡಿ ಹೋಗುತ್ತೇನೆ ಎಂದು ಹಿಂದಿಯಲ್ಲಿ ಕೇಳಿಕೊಂಡ. ನನ್ನನ್ನು ಕಂಡು ಅವನ ಮುಖ ಅರಳಿತು. ಬಾಯಿ ನನ್ನ ಕಡೆ ತಿರುಗಿ, ನಿನಗೆ ಗೊತ್ತಿರುವವನಾ ಎಂದರು.

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ, ಗೊತ್ತಿಲ್ಲ ಅಂದೆ. ಕೆಲಸ ಹೋದೀತೆಂದು ಹೆದರಿ ಅಂದೆನೋ, ನಾಚಿಕೆಗೆ ಅಂದೆನೋ.

"ಇರ್ಲಿ ಬಿಡ್ರಿ ಅಕ್ಕಾರ," ಅಂದ ಅಣ್ಣ. "ನಾ ಮನಿ ತಪ್ಪಿ ಬಂದೇನಿ."

ಹುಟ್ಟಿದಾಗಿನಿಂದ ಅವನು ನನಗೆ 'ರೀ' ಹಚ್ಚಿದ್ದು ಅದೊಂದೇ ಸಲ.

ಅಲ್ಲಿಗೆ ಮನೆ ತೋರಿಸುವುದು ನಿಂತಿತು. ಪುಸ್ತಕ ಮಣಿಸರದ ಪೆಟ್ಟಿಗೆಯ ತಳ ಸೇರಿತು. ಈ ಮಳೆಗಾಲ ಎದೆ ಕೆಟ್ಟು ಸರಕಾರಿ ಆಸ್ಪತ್ರೆ ಸೇರಿದ. ಊರಿನವರಿಗೆ ಹೇಳಿ ಕಳಿಸಿ ಎಂದರು ಡಾಕ್ಟರು. ಅವತ್ತು ಬಾಯಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಅವರೇ ಮೂಲೆಯ ಸೋಫಾ ಸರಿಸಿ ಕೊಟ್ಟರು. ಕಲೆಯ ಫೋಟೋ ಮೊಬೈಲಿನಲ್ಲಿ ಹಿಡಿದು ಆಸ್ಪತ್ರೆಗೆ ಓಡಿದೆ.

ಅಣ್ಣ ಅದನ್ನು ಬಹಳ ಹೊತ್ತು ನೋಡಿದ. ಮುಟ್ಟಲು ಹೋದಾಗ ಬೆರಳು ತಾಗಿ ಫೋಟೋ ಸರಿಯಿತು, ತಿರುಗಿ ತಂದುಕೊಟ್ಟೆ.

"ಅಣ್ಣಾ, ನಂದೊಂದ ಚಹಾ ಬಾಕಿ ಐತಿ," ಅಂದೆ.

"ಮನಿಯವ್ರಿಗೆ ಟಿಕೀಟ ಇರೂದಿಲ್ಲ," ಅಂದ.

ಅಷ್ಟು ಹೇಳಲು ಅವನು ನಡುವೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.