ಬಿಚ್ಚುವ ಕೈ

ನೇಕಾರನ ಮನೆಯಲ್ಲಿ ಬೆಕ್ಕು ಸಾಕಬಹುದು, ಇಲಿಯೊಂದಿಗೂ ಹೇಗೋ ಹೊಂದಿಕೊಂಡು ಹೋಗಬಹುದು. ಗಂಟು ಬಿಚ್ಚುವ ಮಗುವೊಂದಿದ್ದರೆ ಮಾತ್ರ ಜೀವಕ್ಕೆ ನೆಮ್ಮದಿಯಿಲ್ಲ. ನಮ್ಮ ಅನ್ನವಿರುವುದೇ ಗಂಟಿನಲ್ಲಿ. ಹರಿದ ಎಳೆಗೆ ಗಂಟು, ಮಗ್ಗದ ಹಗ್ಗಕ್ಕೆ ಗಂಟು, ಸಂತೆಗೆ ಹೊರಟ ಸೀರೆಯ ಮೂಟೆಗೆ ಗಂಟು. ನನ್ನ ಮಗಳು ಚೌಡಿ ಇವನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾಳೆ. ತಮಿಳು ಸೀಮೆಯ ಅವಿನಾಶಿ ಊರಿನ ನಮ್ಮ ಬೀದಿಯಲ್ಲಿ ಯಾರದಾದರೂ ಆಡು ತಪ್ಪಿಸಿಕೊಂಡರೆ ಮೊದಲು ನನ್ನ ಬಾಗಿಲಿಗೇ ಬರುತ್ತಾರೆ. ಆಡು ನಮ್ಮಲ್ಲಿ ಇರುವುದಿಲ್ಲ, ಹಗ್ಗ ಇರುತ್ತದೆ. "ಮಗ್ಗ ಬಿಟ್ಟು ಕೊಯಮತ್ತೂರಿನ ಮಿಲ್ಲಿಗೆ ಹೋಗಪ್ಪಾ, ಅಲ್ಲಿನ ಯಂತ್ರಾನ ನಿನ್ ಮಗಳೂ ಬಿಚ್ಚೋಕಾಗಲ್ಲ," ಎಂದು ಆಡಿನವನು ಹಂಗಿಸಿ ಹೋಗುತ್ತಾನೆ. ಅವನು ಚೌಡಿಯನ್ನು ತೀರ ಕಡಿಮೆ ಅಂದಾಜು ಮಾಡಿದ್ದಾನೆ.

ಗಂಟಿನ ವಿಷಯದಲ್ಲಿ ನಾನೂ ಅಂಥ ಶೂರನಲ್ಲ. ತಾಳಿಯ ಮೊದಲ ಗಂಟನ್ನು ಗಂಡು ಹಾಕುವುದು, ಉಳಿದೆರಡನ್ನು ಅವನ ಅಕ್ಕನೋ ತಂಗಿಯೋ ಬಿಗಿಯುವುದು ಈ ಕಡೆಯ ರೂಢಿ. ನನ್ನ ಕೈಯಲ್ಲಿ ಆ ಮೊದಲನೆಯದೂ ಜಾರಿತು. ಮೂರನ್ನೂ ಅಕ್ಕನೇ ಹಾಕಿದಳು. "ನಾಗಮ್ಮನ್ನ ಕಟ್ಕೊಂಡಿದ್ದು ನೀನಲ್ಲ, ನಾನ್ಡಾ," ಎಂದು ವರ್ಷಗಟ್ಟಲೆ ಆಡಿಕೊಂಡಳು. ಈ ಆಡಿ ತಿಂಗಳ, ಎಂದರೆ ಆಷಾಢದ, ಜ್ವರದಲ್ಲಿ ನಾಗಮ್ಮ ಹೋದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ನಿಂತುಹೋಗಿದೆ.

ಚೌಡಿಗೆ ಈಗ ಏಳು ವರ್ಷ. ನಡೆದದ್ದು ತಡ, ನುಡಿದದ್ದು ಇನ್ನೂ ತಡ. ನಾಲ್ಕು ತುಂಬಿದರೂ ತುತ್ತು ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ವೈದ್ಯರು ಲೇಹ್ಯ ಕೊಟ್ಟರು, ನೆರೆಯವರು ಕನಿಕರ ಕೊಟ್ಟರು. ನಾಗಮ್ಮ ಗಂಟು ಹಾಕಿದ ಹಗ್ಗ ಕೊಟ್ಟಳು. ಮೊದಲು ಬಾವಿಯ ಹಗ್ಗ, ಆಮೇಲೆ ಹುರಿ, ಕೊನೆಗೆ ಮಗ್ಗದ ನೂಲು. "ಬಿಚ್ಚೋಕೆ ಬೆರಳು ಮೊದ್ಲು ಬಗ್ಗಲಿ, ಕಟ್ಟೋದು ಆಮೇಲೆ ಕಲಿಸ್ತೀನಿ," ಎನ್ನುತ್ತಿದ್ದಳು. ಮೂರು ವರ್ಷದಲ್ಲಿ ಬಿಚ್ಚುವ ಪಾಠ ಮುಗಿಯಿತು. ಕಟ್ಟುವ ಪಾಠಕ್ಕೆ ಗುರುವೇ ಇಲ್ಲದಾಯಿತು.

ನಮ್ಮ ಬೀದಿಯ ವಾತ್ಯಾರು, ಅಂದರೆ ಜಗಲಿಯಲ್ಲಿ ಶಾಲೆ ನಡೆಸುವ ಮೇಷ್ಟ್ರು, ಚೌಡಿಯನ್ನು ಸೇರಿಸಿಕೊಳ್ಳಿ ಎಂದು ನಾನು ಕೇಳಿದಾಗ "ಪಾಕಲಾಂ" ಎಂದರು. ತಮಿಳಿನಲ್ಲಿ ನೋಡೋಣ ಎಂದರ್ಥ. ಎರಡು ಭಾಷೆಯಲ್ಲೂ ಆಗುವುದಿಲ್ಲ ಎಂದೇ ಅರ್ಥ. ಅಷ್ಟರಲ್ಲಿ ಚೌಡಿ ಅವರ ಪುಸ್ತಕದ ಕಟ್ಟನ್ನು ಬಿಚ್ಚಿದಳು, ಹಾಳೆಗಳು ಗಾಳಿಗೆ ಹಾರಿದವು, ಶಾಲೆಯೆಲ್ಲ ಅವುಗಳ ಹಿಂದೆ ಓಡಿತು. "ಬಿಚ್ಚಿದ್ದನ್ನು ತಾನೇ ಕಟ್ಟುವುದು ಕಲಿಯಲಿ. ವಿಜಯದಶಮಿಗೆ ಕರೆತನ್ನಿ, ಸೇರಿಸಿಕೊಳ್ಳುತ್ತೇನೆ," ಎಂದರು.

ಅಂದಿನಿಂದ ಆ ಪಾಠಕ್ಕೆ ನಾನೇ ಗುರುವಾದೆ. ನಾಗಮ್ಮ ಹೊಲಿದಿಟ್ಟಿದ್ದ ಸ್ಲೇಟಿನ ಚೀಲವನ್ನೇ ತೆಗೆದುಕೊಂಡು ದಿನವೂ ಮಗಳೆದುರು ಕುಳಿತು ಅದರ ದಾರಕ್ಕೆ ಗಂಟು ಹಾಕಿ ತೋರಿಸಿದೆ. ನನ್ನ ಬಲ ಅವಳಿಗೆ ಎಡ. ದಾರ ಹಿಡಿದು ಅತ್ತಿತ್ತ ನೋಡುವಳು, ಕೊನೆಗೆ ನಾನು ಹಾಕಿದ್ದನ್ನು ಬಿಚ್ಚಿ ನಗುವಳು. ಮೂರೇ ದಿನ ಉಳಿದಿದ್ದಾಗ ಅಕ್ಕ ಅಡಿಗೆಮನೆಯಿಂದ ಕೂಗಿದಳು: "ಯಾಕ್ಡಾ ಪೊಲೀಸ್ನೋನಂಗೆ ಎದುರ್ಗೆ ಕೂತು ಪಾಪಾನ ಹೆದರಿಸ್ತೀಯ? ನಾಗು ಹಿಂದೆ ಕೂತ್ಕೊಂಡು ಕೈ ಮೇಲೆ ಕೈ ಇಟ್ಟು ಹೇಳ್ಕೊಡ್ತಿದ್ಲು. ನೀನು ನೋಡ್ಲೇ ಇಲ್ವಾ?"

ನೋಡಿರಲಿಲ್ಲ. ಮೂರು ವರ್ಷ ಅದೇ ಕೋಣೆಯಲ್ಲಿ ನೇಯುತ್ತಿದ್ದೆ, ಅವರಿಬ್ಬರಿಗೂ ಬೆನ್ನು ಮಾಡಿಕೊಂಡು.

ಹಿಂದೆ ಕುಳಿತೆ. ವಿಜಯದಶಮಿಯ ಬೆಳಿಗ್ಗೆ ಮೆಲ್ಲನೆ ಕೈ ತೆಗೆದೆ. ಗಂಟು ಬಿತ್ತು! ಚೀಲದ ದಾರಕ್ಕೂ ನನ್ನ ಪಂಚೆಯ ಚುಂಗಿಗೂ ಬಿತ್ತು. ಅಕ್ಕ ಕತ್ತರಿ ತಂದಳು, ಬೇಡವೆಂದೆ. "ಹಂಗಾದ್ರೆ ಅವಳ ಕೈಲೇ ಬಿಚ್ಚಿಸು." ಅದೂ ಬೇಡವೆಂದೆ. ಬಿಚ್ಚಿದ ಮೇಲೆ ಇನ್ನೊಂದು ಬೀಳದಿದ್ದರೆ? ಚೀಲ ಅವಳ ಹೆಗಲಲ್ಲಿ, ಪಂಚೆ ನನ್ನ ಸೊಂಟದಲ್ಲಿ, ಚುಂಗು ನನ್ನ ಮುಷ್ಟಿಯಲ್ಲಿ, ಅವಳ ಸಣ್ಣ ಹೆಜ್ಜೆಗೆ ಹೆಜ್ಜೆ ಸೇರಿಸಿ ಹಾಗೆಯೇ ಹೊರಟೆವು. "ಯಾರು ಯಾರನ್ನ ಹಿಡ್ಕೊಂಡು ಹೋಗ್ತಿರೋದು?" ಎಂದು ಆಡಿನವನು ಕೇಳಿದ.

ವಾತ್ಯಾರು ಗಂಟನ್ನು ಕನ್ನಡಕದ ಮೇಲಿನಿಂದಲೂ ಒಳಗಿನಿಂದಲೂ ನೋಡಿ, "ಇದನ್ನು ನೀವೇ ಹಾಕಿರಬಹುದು," ಎಂದರು. ನಾನು ಹಾಕಿದ್ದರೆ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲವೆಂದು ಅಕ್ಕನಾದರೂ ಸಾಕ್ಷಿ ಹೇಳುತ್ತಿದ್ದಳು. "ಬಿಚ್ಚಿ ಮತ್ತೆ ಕಟ್ಟಲಿ," ಎಂದರು ವಾತ್ಯಾರು.

ಬಿಚ್ಚುವುದಕ್ಕೆ ಅರೆಕ್ಷಣ ಸಾಕಾಯಿತು. ಆಮೇಲೆ ದಾರ ಹಿಡಿದು ಅತ್ತಿತ್ತ ನೋಡಿದಳು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಕಾಲಿಗೆ ಬೆನ್ನು ಒರಗಿಸಿ, ಚೀಲದ ಬಾಯಿ ಕಟ್ಟಿದಳು.

"ದಿನಾ ನೀವು ಬಂದು ಹಿಂದೆ ನಿಲ್ಲುತ್ತೀರಾ?" ಎಂದರು ವಾತ್ಯಾರು. ನಾನು ಹೂಂ ಎನ್ನುವವನಿದ್ದೆ. ಅವರೇ, "ಬೇಡ ಬೇಡ, ಗೋಡೆಯ ಪಕ್ಕ ಕೂರಿಸುತ್ತೇನೆ," ಎಂದು ಅವಳ ಕೈ ಹಿಡಿದುಕೊಂಡರು. ಹೀಗೆ, ಮೂರು ದಿನ ನನ್ನದಾಗಿದ್ದ ಕೆಲಸ ಗೋಡೆಗೆ ಹೋಯಿತು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಸೇರಿಸ್ಕೊಂಡ್ರಾ?"

"ಸೇರಿಸ್ಕೊಂಡ್ರಕ್ಕಾ."

"ಮತ್ತೆ ಅದನ್ನ ಇನ್ನೂ ಯಾಕ್ಡಾ ಹಿಡ್ಕೊಂಡಿದ್ದೀಯ?"

ಬಗ್ಗಿ ನೋಡಿದೆ. ದಾರಿಯುದ್ದಕ್ಕೂ ಪಂಚೆಯ ಚುಂಗನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದೇ ಬಂದಿದ್ದೆ, ಸಣ್ಣ ಸಣ್ಣ ಹೆಜ್ಜೆಯಿಟ್ಟುಕೊಂಡು.