ಕುಂಕುಮ ಇಟ್ಟುಕೊಂಡ ವಾಲ್ವ್‌ಗಳು

ನಮ್ಮ ಭಾವ ಜೀವನವಿಡೀ ಜನರನ್ನು ಮಲಗಿಸಿಯೇ ಹೊಟ್ಟೆ ಹೊರೆದವರು. ಹೀಗೆಂದ ಕೂಡಲೇ ಅವರು ಕನ್ನಡ ಸಂಘದ ಭಾಷಣಕಾರರಿರಬೇಕೆಂದು ನೀವು ಊಹಿಸಿದರೆ ತಪ್ಪು ನಿಮ್ಮದಲ್ಲ. ಅವರು ಅರಿವಳಿಕೆಯ ಡಾಕ್ಟರು. ಮೈಸೂರಿನಲ್ಲಿ ಓದಿ, ಸಿಡ್ನಿಯಲ್ಲಿ ದುಡಿದು, ಲೆಕ್ಕವಿಲ್ಲದಷ್ಟು ಜನರನ್ನು ನಿದ್ದೆಗೆ ಕಳಿಸಿ, ಮತ್ತೆ ಎಬ್ಬಿಸಿ, ಕೊನೆಗೆ ನಿವೃತ್ತರಾದರು. ನಿವೃತ್ತ ಡಾಕ್ಟರುಗಳು ಏನು ಮಾಡುತ್ತಾರೆ? ಗಾಲ್ಫ್ ಆಡುತ್ತಾರೆ, ಕ್ರೂಸಿಗೆ ಹೋಗುತ್ತಾರೆ, ವಾಟ್ಸಾಪಿನಲ್ಲಿ ಅರಿಶಿನದ ಮಹಿಮೆ ಫಾರ್ವರ್ಡ್ ಮಾಡುತ್ತಾರೆ. ನಮ್ಮ ಭಾವ ಮಾತ್ರ ಪೆಂಡಲ್ ಹಿಲ್‌ನ ತಮ್ಮ ಗ್ಯಾರೇಜಿನಲ್ಲಿ ಗಿಟಾರ್ ಆಂಪ್ಲಿಫೈಯರ್ ರಿಪೇರಿಗೆ ಕೂತರು! ಅವರಿಗೆ ಗಿಟಾರ್ ಬರುವುದಿಲ್ಲ ಎಂಬುದು ಸಣ್ಣ ವಿಷಯ. ಅವರಿಗೆ ಸಂಗೀತವೇ ಹತ್ತುವುದಿಲ್ಲ. ತೋಡಿಯೂ ಒಂದೇ, ಮೋಹನವೂ ಒಂದೇ. ಯಾವ ರಾಗ ಹೇಳಿ ಭಾವ ಎಂದರೆ, ಬಹಳ ಯೋಚಿಸಿ, "ಸ್ವಲ್ಪ ಜೋರಾಗಿದೆ" ಎನ್ನುತ್ತಾರೆ.

ಇದಕ್ಕೆಲ್ಲ ಕಾರಣ ನಮ್ಮಕ್ಕ. ಅಕ್ಕ ವೀಣೆ ನುಡಿಸುತ್ತಿದ್ದಳು, ಅದೂ ಎಂಥ ವೀಣೆ! ಆದರೆ ಬೆರಳಿನ ಗಂಟುಗಳು ಊದಿಕೊಳ್ಳುತ್ತ ಬಂದು, ತಂತಿಯನ್ನು ಒತ್ತಿ ಎಳೆಯುವುದೇ ಆಗದಂತಾಯಿತು. ವೀಣೆಗೆ ಹಳೆಯ ರೇಷ್ಮೆ ಸೀರೆ ಹೊದಿಸಿ ಮೂಲೆಗಿಟ್ಟಳು. ಬೇರೆಯವರ ಕಛೇರಿಗೆ ಹೋಗುವುದನ್ನೂ ಬಿಟ್ಟಳು. ಸಂಗೀತ ಕೇಳಿಸದ ಭಾವನಿಗೆ ಮನೆ ಸುಮ್ಮನಾದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಅವರು ಎಲ್ಲೆಲ್ಲೋ ವಿಚಾರಿಸಿ ಒಂದು ಎಲೆಕ್ಟ್ರಿಕ್ ಗಿಟಾರ್ ತಂದರು. ತೊಡೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿದರೆ ಸಾಕು, ಒತ್ತುವ ಗೋಜೇ ಇಲ್ಲ.

"ಈ ವಯಸ್ಸಲ್ಲಿ ನಾನು ಗಿಟಾರ್ ಹಿಡ್ಕೊಂಡ್ರೆ ಜನ ಏನಂತಾರ್ರೀ?" ಎಂದಳಂತೆ ಅಕ್ಕ.

"ಹಿಡ್ಕೋಬೇಡ, ಮಲಗಿಸ್ಕೋ. ಮಲಗ್ಸೋದು ಈ ಮನೇಲಿ ಹೊಸದಾ?" ಎಂದರಂತೆ ಭಾವ.

ಅಕ್ಕ ಮಲಗಿಸಿಕೊಂಡಳು. ಕಲಿತಳು. ಆದರೆ ವೀಣೆಯಂತೆ ಸ್ವರ ಬಹಳ ಹೊತ್ತು ನಿಲ್ಲಬೇಕಾದರೆ ಮಾಮೂಲಿ ಆಂಪ್ ಸಾಲದು, ವಾಲ್ವ್ ಇರುವ ಆಂಪೇ ಬೇಕು ಎಂದು ಅವಳ ಕಿವಿ ಹಟ ಹಿಡಿಯಿತು. ವಾಲ್ವ್ ಎಂದರೆ ಅಜ್ಜನ ಕಾಲದ ರೇಡಿಯೋದೊಳಗೆ ಮಿಣುಕುತ್ತಿದ್ದ ಗಾಜಿನ ಬುಡ್ಡಿ. ಆಂಪಿನಲ್ಲಿ ಸ್ಪೀಕರನ್ನು ದುಡಿಸುವ ಇಂಥ ದೊಡ್ಡ ಬುಡ್ಡಿಗಳು ಎರಡು, ಜೋಡಿಯಾಗಿರುತ್ತವೆ. ಸವೆದಾಗ ಬದಲಿಸಬೇಕು. ಬದಲಿಸಿದ ಮೇಲೆ ಒಳಗಿನ ಒಂದು ಪುಟ್ಟ ಸ್ಕ್ರೂ ತಿರುಗಿಸಿ, ಯಾರೂ ನುಡಿಸದೆ ಸುಮ್ಮನಿರುವಾಗ ಅವುಗಳಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ಗೊತ್ತುಮಾಡಬೇಕು. ಇದಕ್ಕೆ ಬಯಾಸ್ ಎಂದು ಹೆಸರು. ಕಡಿಮೆಯಾದರೆ ದನಿ ಕರಕರ. ಹೆಚ್ಚಾದರೆ ಒಳಗಿನ ತಗಡು ಕೆಂಡದ ಹಾಗೆ ಕೆಂಪಾಗಿ ವಾಲ್ವ್ ಕೈಲಾಸ ಸೇರುತ್ತದೆ.

ಇದನ್ನು ಓದಿದ ದಿನ ಭಾವ ಸಿಡ್ನಿಯಿಂದ ನನಗೆ ಫೋನ್ ಮಾಡಿದ್ದರು. "ಇದು ನನ್ನದೇ ಕೆಲಸ ಕಣಮ್ಮ! ಪೂರ್ತಿ ಮಲಗಿಸ್ಬಾರ್ದು, ಪೂರ್ತಿ ಎಬ್ಬಿಸ್ಲೂಬಾರ್ದು. ಇಷ್ಟು ದಿನ ಇವರೆಲ್ಲ ನನ್ನ ಕೇಳ್ದೆ ಹೇಗೆ ಮಾಡ್ತಿದ್ರು?"

ಅವರು ಕೆಲಸ ಮಾಡುವುದನ್ನು ನೀವು ನೋಡಬೇಕು. ಆಂಪಿನೊಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದಂತೆ. ಎರಡೂ ಕೈ ತಗುಲಿದರೆ ಕರೆಂಟ್ ಎದೆಯ ಮೂಲಕವೇ ಹಾಯುತ್ತದಂತೆ. ಆದ್ದರಿಂದ ಎಡಗೈಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಲಗೈ ಒಂದರಲ್ಲೇ ಕೆಲಸ. ಸುದ್ದಿ ಹರಡಿ, ಕತ್ತಿನವರೆಗೂ ಹಚ್ಚೆ ಹಾಕಿಸಿಕೊಂಡ ಹುಡುಗರು ತಮ್ಮ ಆಂಪ್ ಹೊತ್ತು ತರತೊಡಗಿದರು. ಭಾವ ಅಭ್ಯಾಸಬಲದಿಂದ ಮೊದಲು ಕೇಳುವುದು, "ಎನಿ ಅಲರ್ಜೀಸ್?" ಒಬ್ಬ ಪಾಪ, ಗಾಬರಿಯಿಂದ "ಪೀನಟ್ಸ್" ಎಂದ. ಅವನಿಗಾಗಿ ಅಕ್ಕ ತರುತ್ತಿದ್ದ ಮಸಾಲೆ ಕಡಲೆಬೀಜದ ತಟ್ಟೆ ಬಾಗಿಲಿನಿಂದಲೇ ಹಿಂದಕ್ಕೆ ಹೋಯಿತು. ಭಾವ ಆ ದಿನ ಆಂಪಿನ ಜೊತೆಗೆ ಮಾಲೀಕನನ್ನೂ ಉಳಿಸಿದರು!

ಇನ್ನು ವಾಲ್ವ್ ಆರಿಸುವುದು. ಅದು ಹೆಣ್ಣು ಗಂಡು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಒಂದೇ ಕಂಪನಿ, ಒಂದೇ ನಂಬರು, ಅವಳಿಜವಳಿಯ ಹಾಗಿದ್ದರೂ ಒಂದೊಂದರ ಸ್ವಭಾವ ಒಂದೊಂದು. ಒಂದೇ ಸಮ ಕರೆಂಟ್ ಎಳೆಯುವ ಎರಡನ್ನು ಹುಡುಕಿ ಜೋಡಿ ಮಾಡಬೇಕು. ಭಾವ ಒಂದು ಡಬ್ಬಿ ತುಂಬ ವಾಲ್ವ್ ತರಿಸಿ ಪರೀಕ್ಷೆಗೆ ಕೂತರು. "ಇವನು ನೋಡೋಕೆ ಚೆಂದ, ಆದ್ರೆ ಬೇಗ ಬಿಸಿ ಆಗ್ತಾನೆ." "ಇವನು ಇವತ್ತು ಒಂದು ಹೇಳ್ತಾನೆ, ನಾಳೆ ಇನ್ನೊಂದು." ಒಳಗೆ ಏನಾದರೂ ಸಡಿಲವಿದೆಯೇ ಎಂದು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿಯೂ ನೋಡಬೇಕಂತೆ. ಆ ಚಟ ಎಲ್ಲಿಗೆ ಹೋಯಿತೆಂದರೆ, ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿಯನ್ನೂ ಪೆನ್ಸಿಲಿನಿಂದ ತಟ್ಟಿ, ಕಿವಿಗಿಟ್ಟು ಅಲ್ಲಾಡಿಸಿ, "ಒಳಗೇನೋ ಲೂಸ್ ಆಗಿದೆ" ಎಂದು ಪಕ್ಕಕ್ಕಿಟ್ಟರು.

"ಅಂಕಲ್, ಅದು ನೀರು!" ಎಂದ ಅಂಗಡಿಯಲ್ಲಿದ್ದ ದಾವಣಗೆರೆಯ ಹುಡುಗ.

ಹೀಗೆ ತಿಂಗಳುಗಟ್ಟಲೆ ತಪಸ್ಸು ಮಾಡಿ, ಪ್ರತಿ ವಾಲ್ವಿನ ಗಾಜಿನ ಮೇಲೂ ಬಿಳಿ ಪೆನ್ಸಿಲಿನಲ್ಲಿ ಅದರ ಅಂಕೆ ಬರೆದು, ಅಕ್ಕನ ಕಿವಿಗೂ ಒಪ್ಪಿದ ಒಂದು ಜೋಡಿಯನ್ನು ಭಾವ ಗೊತ್ತುಮಾಡಿದರು. ಅಷ್ಟರಲ್ಲಿ ನಮ್ಮ ಮೆಲ್ಬರ್ನ್ ಕನ್ನಡ ಸಂಘದಿಂದ ಕರೆ ಹೋಯಿತು. ದಸರಾ ಕಾರ್ಯಕ್ರಮ, ಗ್ಲೆನ್ ವೇವರ್ಲಿಯ ಹಾಲ್, ಅಕ್ಕನ ಕಛೇರಿ. ವೀಣೆ ಬಿಟ್ಟ ಮೇಲೆ ಅವಳು ವೇದಿಕೆ ಹತ್ತುವುದು ಇದೇ ಮೊದಲು. ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

"ದನಿ ಸರಿಯಾಗಿ ಬಂದ್ರೆ ಮಾತ್ರ ಕೂರ್ತೀನಿ ಕಣೇ" ಎಂದಳು. "ಇಲ್ಲಾಂದ್ರೆ ಎಲ್ಲರ ಜೊತೆ ಕೆಳಗೆ ಕೂತು ಚಪ್ಪಾಳೆ ತಟ್ತೀನಿ. ಆಮೇಲೆ ಇನ್ಯಾವತ್ತೂ ನನ್ನ ಕೇಳ್ಬೇಡಿ."

ಕಾರ್ಯಕ್ರಮದ ಹಿಂದಿನ ದಿನ ಸಂಜೆ ಅವರ ಕಾರು ಟ್ರುಗನಿನಾದ ನಮ್ಮ ಮನೆಯ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಆಂಪ್ ಕೂತಿತ್ತು. ಹಿಂದಿನ ಸೀಟಿನಿಂದ ಅಕ್ಕ ಸೊಂಟ ಹಿಡಿದುಕೊಂಡು ಇಳಿದಳು. "ಅದಕ್ಕೆ ಕುಲುಕಾಟ ಆಗ್ಬಾರ್ದಂತೆ. ನನಗಾದ್ರೆ ಪರವಾಗಿಲ್ವಂತೆ!" ಹೊಸ ವಾಲ್ವ್‌ಗಳನ್ನು ಇಲ್ಲಿಗೆ ಬಂದೇ ಹಾಕುವುದೆಂದು ಭಾವ ಎರಡು ದಿನ ಮೊದಲೇ ಅವನ್ನು, ಇರಲಿ ಎಂದು ಉಳಿದವನ್ನೂ ಸೇರಿಸಿ, ಮೊಟ್ಟೆಯ ಟ್ರೇಗಳಲ್ಲಿ ಜೋಡಿಸಿ ಡಬ್ಬಿಗೆ ತುಂಬಿ ತಂದಿದ್ದರು. ಮೊಟ್ಟೆಯ ಹೆಸರೆತ್ತಿದರೆ ಮುಖ ಸಿಂಡರಿಸುವ ಅಕ್ಕನ ಮನೆಯೊಳಗೆ ಮೊಟ್ಟೆಯ ಟ್ರೇ ಕಾಲಿಟ್ಟಿತೆಂದರೆ ವಾಲ್ವ್‌ಗಳ ಗೌರವ ಎಷ್ಟೆಂದು ನೀವೇ ಊಹಿಸಿ.

ನಮ್ಮ ಗ್ಯಾರೇಜಿನಲ್ಲಿ ಭಾವ ಡಬ್ಬಿಯ ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತರು.

ಒಳಗೆ ಎಲ್ಲ ವಾಲ್ವ್‌ಗಳೂ ಅಭ್ಯಂಜನ ಮಾಡಿಸಿಕೊಂಡಂತೆ ಫಳಫಳ ಹೊಳೆಯುತ್ತ, ಹಣೆಗೆ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ಒಂದೆರಡರ ತಲೆಯ ಮೇಲೆ ಅಕ್ಷತೆಯೂ ಇತ್ತು. ಅಂಕೆ ಮಾತ್ರ ಒಂದರ ಮೇಲೂ ಇರಲಿಲ್ಲ!

"ಇದೇನೇ ಇದು?"

"ನಿನ್ನೆ ಆಯುಧ ಪೂಜೆ ಅಲ್ವೇನ್ರೀ?" ಎಂದಳು ಅಕ್ಕ. "ಕಾರ್ ತೊಳೆದೆ, ಮಿಕ್ಸಿ ತೊಳೆದೆ. ನಿಮ್ಮ ಬುಡ್ಡಿಗಳ ಮೇಲೆಲ್ಲ ಏನೇನೋ ಗೀಚಿತ್ತು. ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿ ಪೂಜೆ ಮಾಡ್ದೆ."

ನನ್ನ ಗಂಡ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಭಾವ ಆಪರೇಷನ್ ಥಿಯೇಟರಿನ ಹೊರಗೆ ಬಂದು ಹೇಳುವ ದನಿಯಲ್ಲಿ, "ಗಾಬರಿ ಬೇಡ. ಪೇಷಂಟ್‌ಗಳೆಲ್ಲ ಸ್ಟೇಬಲ್ ಆಗಿದಾರೆ. ಯಾರು ಯಾರು ಅಂತ ಮಾತ್ರ ಗೊತ್ತಿಲ್ಲ" ಎಂದರು.

ಅಕ್ಕನಿಗೆ ವಿಷಯ ತಿಳಿಯಿತು. ಅವಳ ಮುಖ ಸಣ್ಣದಾಯಿತು. "ಬೇಡ ಬಿಡಿ. ನಾನು ನುಡಿಸೋದು ದೇವರಿಗೇ ಇಷ್ಟ ಇಲ್ಲ ಅನ್ಸುತ್ತೆ."

"ಇಷ್ಟ ಇಲ್ದೆ ಇದ್ರೆ ಇಷ್ಟೊಂದು ಕುಂಕುಮ ಇಡಿಸ್ಕೋತಿದ್ನಾ?" ಎಂದು ಭಾವ ಪಂಚೆ ಎತ್ತಿ ಕಟ್ಟಿದರು.

ಮರುದಿನ ಬೆಳಗ್ಗೆ ಕಾಫಿ ಮುಗಿಯುವ ಮೊದಲೇ ಗ್ಯಾರೇಜ್ ಥಿಯೇಟರ್ ಆಯಿತು. ಯಾರದಾದರೂ ಆಂಪ್ ಬಾಡಿಗೆಗೆ ತಂದರಾಯಿತಲ್ಲ ಎಂದು ನನ್ನ ಗಂಡ ಅಂದದ್ದಕ್ಕೆ, ಬಾಡಿಗೆಗೆ ಹೆಂಡತಿ ತರುವ ಮಾತಾಡಿದಂತೆ ಭಾವ ಅವರನ್ನು ನೋಡಿದರು. ಒಂದೊಂದೇ ವಾಲ್ವ್ ಹಾಕುವುದು, ಕಾಯುವುದು, ಮೀಟರ್ ನೋಡುವುದು, ಸ್ವಿಚ್ ಆರಿಸುವುದು, ನನ್ನ ಅಡಿಗೆಮನೆಯ ಬಟ್ಟೆಯಲ್ಲಿ ಹಿಡಿದು ತೆಗೆಯುವುದು. ಎದ್ದು ಬಂದ ನನ್ನ ಮಗಳು ಬಾಗಿಲಲ್ಲೇ ನಿಂತು, "ಅಮ್ಮಾ, ಇಸ್ ದೊಡ್ಡಪ್ಪ ಡೂಯಿಂಗ್ ಸ್ಪೀಡ್ ಡೇಟಿಂಗ್ ಫಾರ್ ಬಲ್ಬ್ಸ್?" ಎಂದಳು. ನಿಮಿಷಕ್ಕೊಂದು ವರಪರೀಕ್ಷೆ! ಇದಕ್ಕಿಂತ ಸರಿಯಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ಮೀಟರ್ ತನ್ನ ಕೆಲಸ ಮಾಡಿತು. ಅಂಕೆ ಕೂಡಿದ ಜೋಡಿಗಳು ಹಲವು ಸಿಕ್ಕವು. ಆದರೆ ಅವುಗಳಲ್ಲಿ ಅಕ್ಕ ಒಪ್ಪಿದ್ದ ಜೋಡಿ ಯಾವುದು? ಅದನ್ನು ಕಿವಿ ಹೇಳಬೇಕು. ಭಾವನಿಗೆ ಕಿವಿ ಇಲ್ಲ, ಕಿವಿ ಇರುವವಳು ಮುನಿಸಿಕೊಂಡು ಅಡಿಗೆಮನೆಯಲ್ಲಿ ಹುಳಿ ಕುದಿಸುತ್ತಿದ್ದಾಳೆ. ಕೊನೆಗೆ ಭಾವ ಪ್ರತಿ ಜೋಡಿಗೂ ಸ್ಕ್ರೂ ತಿರುಗಿಸಿ ಬಯಾಸ್ ಕೂರಿಸುವುದು, ನಾನು ತಂತಿ ಮೀಟುವುದು ಎಂದಾಯಿತು. ಒಳಗಿನಿಂದ ತೀರ್ಪು ಬರುತ್ತಿತ್ತು.

"ಹಪ್ಪಳ ಮುರಿದ ಹಾಗಿದೆ!"

ಮುಂದಿನ ಜೋಡಿ.

"ಇದಕ್ಕೆ ನೆಗಡಿ!"

ಇನ್ನೊಂದು.

"ಮೀಟೋದು ಯಾರೇ ಅದು? ಕತ್ತು ಹಿಸುಕ್ತಿದೀಯಾ?"

ಡಬ್ಬಿ ಖಾಲಿಯಾಗುತ್ತ ಬಂತು. ಭಾವನ ಹಣೆಯಲ್ಲಿ ಬೆವರು. ಮತ್ತೊಂದು ಜೋಡಿ ಹಾಕಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಣ್ಣಲ್ಲೇ ನನಗೆ ಸನ್ನೆ ಮಾಡಿದರು. ಮೀಟಿದೆ. ಅಡಿಗೆಮನೆಯಿಂದ ಮಾತಿಲ್ಲ. ಇನ್ನೊಮ್ಮೆ ಮೀಟಿದೆ. ಸದ್ದಿಲ್ಲ. ಆಮೇಲೆ ಅಕ್ಕ ಸೌಟು ಹಿಡಿದುಕೊಂಡೇ ಗ್ಯಾರೇಜಿಗೆ ಬಂದಳು. ಸೌಟನ್ನು ನನ್ನ ಕೈಗಿತ್ತು, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಕ್ಕಿನ ತುಂಡನ್ನು ಜಾರಿಸಿ ಒಂದು ಸ್ವರ ಹಿಡಿದಳು. ಅದು ನಿಂತಿತು, ನಿಂತೇ ಇತ್ತು. ಬೆಳಗಿನಿಂದ ಬೊಗಳುತ್ತಿದ್ದ ಪಕ್ಕದ ಮನೆಯ ನಾಯಿ ಸುಮ್ಮನಾಯಿತು.

"ಇದೇ ರೀ," ಎಂದಳು.

"ಗೆದ್ದೆ!" ಎಂದು ಭಾವ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಹುಳಿ ತಳ ಹಿಡಿಯಿತು. ಅದನ್ನೇ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು.

ಸಂಜೆ ಹಾಲ್ ಭರ್ತಿ. ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಪ್ರೊಫೆಸರು, ದಸರೆಗೆ ಗಿಟಾರೇ ಎಂದು ಮೊದಲೇ ಎಲ್ಲರ ಹತ್ತಿರ ಗೊಣಗಿ, ಕೈಕಟ್ಟಿ ಕೂತಿದ್ದರು. ಅಕ್ಕ ವೇದಿಕೆಯ ಮೇಲೆ ಕೂತಳು. ಅವಳ ಹಿಂದೆ ಆಂಪ್, ಆಂಪಿನ ಹಿಂದೆ ರೇಷ್ಮೆ ಜುಬ್ಬಾದ ಭಾವ, ವಾಲ್ವ್‌ಗಳನ್ನೇ ದಿಟ್ಟಿಸುತ್ತ. ಮೊದಲ ಆಲಾಪನೆ ಅರ್ಧ ಮುಗಿಯುವಷ್ಟರಲ್ಲಿ ಪ್ರೊಫೆಸರ ಕಟ್ಟಿದ ಕೈ ಬಿಚ್ಚಿತು. ಎರಡನೆಯ ಕೃತಿಗೆ ಅವರ ತಲೆ ಅಲ್ಲಾಡಿತು. ಆಮೇಲಂತೂ ಅವರ "ಭೇಷ್" ತಡೆಯುವುದೇ ಕಷ್ಟವಾಯಿತು. ಮಂಗಳ ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತಿತು. ಹೆಮ್ಮೆಯಿಂದ ನನಗೆ ಎದೆ ಒಡೆಯುವುದೊಂದು ಬಾಕಿ. ಎಷ್ಟು ವರ್ಷವಾಗಿತ್ತು ಅಕ್ಕನಿಗೆ ಆ ಚಪ್ಪಾಳೆ ಸಿಕ್ಕಿ!

ಅಕ್ಕ ಮಾತ್ರ ಏಳಲಿಲ್ಲ. ಕೈಮುಗಿಯಲೂ ಇಲ್ಲ. ಸುಮ್ಮನೆ ತಲೆ ಬಾಗಿಸಿ ನಗುತ್ತ ಕೂತಿದ್ದಳು. ಅಷ್ಟು ಹೊತ್ತು ಉಕ್ಕಿನ ತುಂಡನ್ನು ಹಿಡಿದ ಎಡಗೈ ಸೆಟೆದುಕೊಂಡು, ಬೆರಳು ಬಿಚ್ಚಲು ಬರುತ್ತಿರಲಿಲ್ಲ. ಅದು ಸಭೆಗೆ ಗೊತ್ತಾಗಲಿಲ್ಲ, ಒಡಹುಟ್ಟಿದ ನನಗೂ ಗೊತ್ತಾಗಲಿಲ್ಲ. ಭಾವನಿಗೆ ಗೊತ್ತಾಯಿತು. ಆಂಪಿನ ಹಿಂದಿನಿಂದ ಎದ್ದು ಬಂದು, ಅವಳೆದುರು ನೆಲದ ಮೇಲೆ ಮಂಡಿಯೂರಿ ಕೂತು, ಆ ಕೈಯನ್ನು ತೆಗೆದುಕೊಂಡು ಒಂದೊಂದೇ ಬೆರಳನ್ನು ನಿಧಾನವಾಗಿ ಬಿಡಿಸತೊಡಗಿದರು. ಮೈಕ್ ಇನ್ನೂ ಆನ್ ಇತ್ತು.

"ಜನ ನೋಡ್ತಿದಾರ್ರೀ."

"ನೋಡ್ಲಿ ಬಿಡು. ತುಂಬಾ ನೋಯ್ತಿದೆಯಾ?"

"ನೋಯ್ತಿದೆ," ಎಂದಳು ಅಕ್ಕ. "ಸ್ವಲ್ಪ ಉಜ್ಜಿ ಬಿಸಿ ಮಾಡಿ ಕೊಡ್ರೀ, ಇನ್ನೊಂದು ನುಡಿಸ್ತೀನಿ."